ಬ್ಯಾಕಿಂಗ್ ಟ್ರ್ಯಾಕ್ ಮೇಲೆ ಗಿಟಾರ್ ಸೋಲೊ: ಸ್ಕೇಲ್, ಮೋಡ್ ಹಿಡಿಯುವ ಮೊದಲು ಟ್ರ್ಯಾಕಿನ ‘ಸ’ ಹಿಡಿಯಿರಿ

ಐದನೇ ಫ್ರೆಟ್‌ನಲ್ಲಿ ಎ ಮೈನರ್ ಪೆಂಟಾಟೋನಿಕ್ ಅನ್ನುವ ಐದು ಸ್ವರದ ಸ್ಕೇಲ್ ಕಲಿತಾಗಿದೆ. ಯೂಟ್ಯೂಬ್‌ನಲ್ಲಿ ಒಂದು ಬ್ಯಾಕಿಂಗ್ ಟ್ರ್ಯಾಕ್ (ಸೋಲೊಗೆ ಜಾಗ ಬಿಟ್ಟ ಹಿನ್ನೆಲೆ ವಾದ್ಯಗಳ ರೆಕಾರ್ಡಿಂಗ್) ಹಾಕಿಕೊಂಡು ನುಡಿಸಿದರೆ ಅಪಸ್ವರ ಅಂತೂ ಬರುವುದಿಲ್ಲ. ಆದರೂ ಎರಡು ನಿಮಿಷ ಆಗುವಷ್ಟರಲ್ಲಿ ಎಲ್ಲಾ ಒಂದೇ ಥರ ಕೇಳಿಸುತ್ತದೆ. ಸ್ಕೇಲನ್ನು ಮೇಲೆ ಕೆಳಗೆ ಓಡಿಸಿದ ಹಾಗಿರುತ್ತದೆ, ಸೋಲೊ ಅನ್ನಿಸುವುದಿಲ್ಲ. ಆಗ ಯಾರೋ ‘ಮೋಡ್ ಕಲಿ’ ಅನ್ನುತ್ತಾರೆ. ಮೋಡ್ ಅಂದರೆ ಏಳು ಸ್ವರದ ಸ್ಕೇಲಿನ ಒಂದೊಂದು ಬಗೆ. ಏಳು ಹೆಸರು, ಏಳು ಶೇಪ್ ಬಾಯಿಪಾಠ ಆಗುತ್ತದೆ. ಟ್ರ್ಯಾಕ್ ಹಾಕಿದರೆ ಮತ್ತೆ ಅದೇ ಕಥೆ.

ಗಿಟಾರ್ ಕಲಿಯುವ ತುಂಬಾ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಬೆರಳಿನ ಶೇಪ್‌ನಲ್ಲೇ ಮೋಡ್ ಇದೆ ಅಂತ ಹೇಳಿಕೊಟ್ಟಿರುವುದು ಇದಕ್ಕೆ ಕಾರಣ. ಮೋಡ್ ಇರುವುದು ಟ್ರ್ಯಾಕಿನಲ್ಲಿ. ಕೆಳಗೆ ಬೇಸ್ ಮತ್ತು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಏನು ನುಡಿಯುತ್ತಿವೆಯೋ ಅದರ ಮೇಲೆ ನಿಮ್ಮ ಒಂದೊಂದು ಸ್ವರದ ಬಣ್ಣ ನಿಂತಿದೆ. ಒಂದೇ ಏಳು ಸ್ವರ ಬೇರೆ ಬೇರೆ ಟ್ರ್ಯಾಕಿನ ಮೇಲೆ ಬೇರೆ ಬೇರೆ ಮೋಡ್ ಆಗಿ ಕೇಳಿಸುತ್ತವೆ. ಇದು ಕಿವಿಗೆ ಗೊತ್ತಾದ ಮೇಲೆ ಹೆಸರುಗಳು ತಾವಾಗಿ ಬರುತ್ತವೆ.

ಇಲ್ಲಿ ಎಲ್ಲ ಉದಾಹರಣೆಗೂ ಎ ಸ್ವರವನ್ನೇ ರೂಟ್ ಆಗಿ ಇಟ್ಟುಕೊಂಡಿದ್ದೇನೆ. ಟ್ಯೂನಿಂಗ್ ಸ್ಟ್ಯಾಂಡರ್ಡ್. ತೆಳು ತಂತಿ 1ನೇದು, ದಪ್ಪ ತಂತಿ 6ನೇದು. ಪೆಂಟಾಟೋನಿಕ್‌ನ ಮೊದಲ ಬಾಕ್ಸ್, ಅಂದರೆ 5ರಿಂದ 8ನೇ ಫ್ರೆಟ್‌ವರೆಗಿನ ಶೇಪ್, ಗೊತ್ತಿದ್ದರೆ ಸಾಕು.

ಹೆಜ್ಜೆ 1: ಗಿಟಾರ್ ಪಕ್ಕಕ್ಕಿಟ್ಟು ‘ಸ’ ಹುಡುಕಿ

ಟ್ರ್ಯಾಕ್ ಹಾಕಿ ಒಂದು ಸುತ್ತು ಸುಮ್ನೆ ಕೇಳಿ. ಎರಡನೇ ಸುತ್ತಿಗೆ ಬಾಯಲ್ಲಿ ಒಂದು ಸ್ವರ ಹಿಡಿದು ಗುನುಗಿ. ಯಾವ ಸ್ವರಕ್ಕೆ ಬಂದು ನಿಂತರೆ ಹಾಡು ಮುಗಿದ ಹಾಗೆ ಅನ್ನಿಸುತ್ತದೋ ಅದೇ ಟ್ರ್ಯಾಕಿನ ‘ಸ’. ಗಿಟಾರ್ ನುಡಿಸುವವರು ಅದನ್ನು ರೂಟ್ ಅನ್ನುತ್ತಾರೆ. ಈಗ ಗಿಟಾರ್ ಎತ್ತಿಕೊಂಡು 6ನೇ ತಂತಿಯಲ್ಲಿ ಆ ಸ್ವರ ಹುಡುಕಿ. 5ನೇ ಫ್ರೆಟ್‌ನಲ್ಲಿ ಸಿಕ್ಕಿದರೆ ಎ. 3ನೇದಾದರೆ ಜಿ. 8ನೇದಾದರೆ ಸಿ.

ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಸ್ವಲ್ಪವಾದರೂ ಕಲಿತವರಿಗೆ ಇದು ಹೊಸದಲ್ಲ. ತಂಬೂರಿ ಒಂದೇ ‘ಸ’ವನ್ನು ಬಿಡದೆ ಹಿಡಿದಿರುತ್ತದೆ, ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ ನಡೆಯುತ್ತದೆ. ಬ್ಯಾಕಿಂಗ್ ಟ್ರ್ಯಾಕಿನಲ್ಲಿ ಆ ಆಧಾರ ಇರುತ್ತದೆ, ಆದರೆ ಬೇಸ್ ಗಿಟಾರ್ ಕಾರ್ಡ್ ಜೊತೆ ಓಡಾಡುವುದರಿಂದ ಸ್ವಲ್ಪ ಜಾಸ್ತಿ ಕಿವಿ ಕೊಡಬೇಕು. ಮೊದಲ ಕಾರ್ಡೇ ರೂಟ್ ಅಂತ ಕಣ್ಣು ಮುಚ್ಚಿ ನಂಬಬೇಡಿ. ಎಫ್, ಜಿ, ಎ ಮೈನರ್ ಅಂತ ಸುತ್ತುವ ಟ್ರ್ಯಾಕ್ ಎಫ್‌ನಿಂದ ಹೊರಟರೂ ಬಂದು ಕೂರುವುದು ಎ ಮೈನರ್ ಮೇಲೆ.

ಟ್ರ್ಯಾಕಿನ ಶೀರ್ಷಿಕೆಯಲ್ಲೇ ‘ಎ ಮೈನರ್’ ಅಂತ ಬರೆದಿದ್ದರೂ ಈ ಹೆಜ್ಜೆ ಬಿಡಬೇಡಿ. ಎ ಮೈನರ್ ಅಂದರೆ ಏಯೋಲಿಯನ್ ಮೋಡ್ ಇರಬಹುದು, ಡೋರಿಯನ್ ಮೋಡ್ ಇರಬಹುದು (ಇವುಗಳ ಗುರುತು ಮುಂದಿನ ಹೆಜ್ಜೆಯಲ್ಲಿದೆ), ನಡುವೆ ಒಂದು ಇ7 ಕಾರ್ಡ್ ಬಂದು ಹಾರ್ಮೋನಿಕ್ ಮೈನರ್ ಆಗಿರಬಹುದು. ಶೀರ್ಷಿಕೆ ರೂಟ್ ಹೇಳುತ್ತದೆ, ಬಣ್ಣ ಹೇಳುವುದಿಲ್ಲ.

ಹೆಜ್ಜೆ 2: ಒಂದೇ ತಂತಿಯಲ್ಲಿ ಟ್ರ್ಯಾಕನ್ನು ಪರೀಕ್ಷೆ ಮಾಡಿ

ರೂಟ್ ಸಿಕ್ಕಿತು ಅಂತ ತಕ್ಷಣ ಬಾಕ್ಸ್‌ಗೆ ಕೈ ಹಾಕಬೇಡಿ. 3ನೇ ತಂತಿಗೆ ಬನ್ನಿ. ಅದರ 2ನೇ ಫ್ರೆಟ್ ಎ. 14ನೇ ಫ್ರೆಟ್ ಮತ್ತೆ ಎ. ಇವೆರಡರ ನಡುವೆ ಇರುವ ಎಲ್ಲ ಸ್ವರಗಳನ್ನೂ ಒಂದೊಂದಾಗಿ ಟ್ರ್ಯಾಕಿನ ಮೇಲೆ ಹಿಡಿದು ನೋಡಬಹುದು. ಒಂದೊಂದು ಸ್ವರವನ್ನು ಕಾರ್ಡಿನ ಪೂರ್ತಿ ಒಂದು ಸುತ್ತು ಹಿಡಿಯಿರಿ. ಯಾವುದು ಸೇರುತ್ತದೆ, ಯಾವುದು ಚುಚ್ಚುತ್ತದೆ ಅಂತ ಕಿವಿಯೇ ಹೇಳುತ್ತದೆ.

ಮುಖ್ಯವಾಗಿ ಮೂರು ಕಡೆ ನಿಂತು ನೋಡಬೇಕು.

ಮೊದಲನೆಯದು 5ನೇ ಮತ್ತು 6ನೇ ಫ್ರೆಟ್, ಅಂದರೆ ಸಿ ಮತ್ತು ಸಿ ಶಾರ್ಪ್. ಸಿ ಸೇರಿದರೆ ಟ್ರ್ಯಾಕ್ ಮೈನರ್ ಕಡೆಯದು. ಸಿ ಶಾರ್ಪ್ ಸೇರಿದರೆ ಮೇಜರ್ ಕಡೆಯದು. ಎರಡೂ ನಡೆಯುತ್ತಿವೆ ಅನ್ನಿಸಿದರೆ ಅದು ಬಹುಶಃ ಬ್ಲೂಸ್. ಅದರ ಮಾತು ಆಮೇಲೆ.

ಎರಡನೆಯದು 10ನೇ ಮತ್ತು 11ನೇ ಫ್ರೆಟ್: ಎಫ್ ಮತ್ತು ಎಫ್ ಶಾರ್ಪ್. ಮೂರನೆಯದು 12ನೇ ಮತ್ತು 13ನೇ ಫ್ರೆಟ್: ಜಿ ಮತ್ತು ಜಿ ಶಾರ್ಪ್.

ಈ ಮೂರು ಉತ್ತರ ಸಿಕ್ಕಿದರೆ ಮೋಡ್ ಸಿಕ್ಕ ಹಾಗೆ. ಸಿ, ಎಫ್, ಜಿ ಬಂದರೆ ಏಯೋಲಿಯನ್. ಸಿ, ಎಫ್ ಶಾರ್ಪ್, ಜಿ ಬಂದರೆ ಡೋರಿಯನ್. ಸಿ ಶಾರ್ಪ್, ಎಫ್ ಶಾರ್ಪ್, ಜಿ ಬಂದರೆ ಮಿಕ್ಸೊಲಿಡಿಯನ್. ಮೂರೂ ಶಾರ್ಪ್ ಬಂದರೆ ಅಯೋನಿಯನ್, ಅಂದರೆ ನಮಗೆಲ್ಲ ಗೊತ್ತಿರುವ ಮೇಜರ್ ಸ್ಕೇಲ್. ಇನ್ನು 3ನೇ ಫ್ರೆಟ್‌ನ ಬಿ ಫ್ಲಾಟ್ ಸೇರುವ ಮೈನರ್ ಟ್ರ್ಯಾಕ್ ಸಿಕ್ಕಿದರೆ ಅದು ಫ್ರಿಜಿಯನ್. 8ನೇ ಫ್ರೆಟ್‌ನ ಡಿ ಶಾರ್ಪ್ ಸೇರುವ ಮೇಜರ್ ಟ್ರ್ಯಾಕ್ ಲಿಡಿಯನ್. ಇವೆರಡು ಅಪರೂಪ, ಆದರೆ ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಒಂದೇ ತಂತಿಯಲ್ಲಿ ಮಾಡಿ ಅನ್ನುವುದಕ್ಕೆ ಕಾರಣ ಇದೆ. ಬಾಕ್ಸ್‌ನಲ್ಲಿ ಬೆರಳು ಅಭ್ಯಾಸಬಲದಿಂದ ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಒಂದೇ ತಂತಿಯಲ್ಲಿ ಸ್ವರಗಳ ನಡುವಿನ ದೂರ ಕಣ್ಣಿಗೂ ಕಾಣುತ್ತದೆ, ಕೈಗೂ ತಿಳಿಯುತ್ತದೆ.

ಹೆಜ್ಜೆ 3: ಪೆಂಟಾಟೋನಿಕ್ ಹಾಗೇ ಇರಲಿ, ಎರಡು ಸ್ವರ ಸೇರಿಸಿ

ಎ ಮೈನರ್ ಪೆಂಟಾಟೋನಿಕ್ ಅಂದರೆ ಎ, ಸಿ, ಡಿ, ಇ, ಜಿ. ಕರ್ನಾಟಕ ಸಂಗೀತದಲ್ಲಿ ಶುದ್ಧ ಧನ್ಯಾಸಿಯ ಸ್ವರಗಳು ಇವೇ. ಸಿ ಮೇಜರ್ ಪೆಂಟಾಟೋನಿಕ್‌ನಲ್ಲೂ ಇದೇ ಐದು ಸ್ವರ, ‘ಸ’ ಮಾತ್ರ ಸಿ ಗೆ ಹೋಗುತ್ತದೆ, ಆಗ ಅದು ಮೋಹನ. ಈ ಐದರಲ್ಲಿ ಯಾವ ಎರಡು ಸ್ವರವೂ ಪಕ್ಕಪಕ್ಕದ ಫ್ರೆಟ್‌ನಲ್ಲಿ ಇಲ್ಲ. ಒಂದಕ್ಕೊಂದು ಉಜ್ಜುವ ಸ್ವರಗಳಿಲ್ಲದ್ದರಿಂದ ಎಲ್ಲಿ ನುಡಿಸಿದರೂ ಕಿವಿಗೆ ಹಿತ. ಎಲ್ಲ ಒಂದೇ ಥರ ಕೇಳಿಸುವುದಕ್ಕೂ ಅದೇ ಕಾರಣ.

ಡೋರಿಯನ್ ಮತ್ತು ಏಯೋಲಿಯನ್ ಎರಡರಲ್ಲೂ ಈ ಐದು ಸ್ವರ ಪೂರ್ತಿಯಾಗಿ ಇವೆ. ಹಾಗಾಗಿ ಹೊಸ ಶೇಪ್ ಬೇಕಿಲ್ಲ. ಗೊತ್ತಿರುವ ಬಾಕ್ಸ್‌ನಲ್ಲಿ ಖಾಲಿ ಇರುವ ಎರಡು ಜಾಗ ತುಂಬಿದರೆ ಆಯಿತು. ಒಂದು ಜಾಗ ಬಿ ಸ್ವರದ್ದು. ಅದು 1ನೇ ತಂತಿಯ 7ನೇ ಫ್ರೆಟ್‌ನಲ್ಲೂ 3ನೇ ತಂತಿಯ 4ನೇ ಫ್ರೆಟ್‌ನಲ್ಲೂ ಸಿಗುತ್ತದೆ. ಎರಡೂ ಮೋಡ್‌ಗೆ ಇದು ಸಾಮಾನ್ಯ. ಇನ್ನೊಂದು ಜಾಗ ಆರನೇ ಸ್ವರದ್ದು, ಅದನ್ನು ಟ್ರ್ಯಾಕ್ ನೋಡಿ ನಿರ್ಧಾರ ಮಾಡಬೇಕು.

ಮೊದಲ ದಿನವೇ ಒಂದು ತಂತಿಗೆ ಮೂರು ಸ್ವರದ ಉದ್ದ ಶೇಪ್‌ಗಳನ್ನು ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ವೇಗ ಬರುತ್ತದೆ, ನಿಜ. ಆದರೆ ಏಳೂ ಸ್ವರಕ್ಕೆ ಒಂದೇ ತೂಕ ಬಂದುಬಿಡುತ್ತದೆ. ಪೆಂಟಾಟೋನಿಕ್‌ನ ಐದು ಸ್ವರ ನಿಲ್ಲುವುದಕ್ಕೆ, ಸೇರಿಸಿದ ಎರಡು ಸ್ವರ ಬಣ್ಣಕ್ಕೆ ಅಂತ ಕೈಗೆ ಅಭ್ಯಾಸ ಆದರೆ ಸೋಲೊ ಮೊದಲ ದಿನದಿಂದಲೇ ಹಾಡಿನ ಹಾಗೆ ಕೇಳಿಸುತ್ತದೆ.

ಹೆಜ್ಜೆ 4: 2ನೇ ತಂತಿಯ 6ನೇ ಫ್ರೆಟ್ಟೋ, 7ನೇ ಫ್ರೆಟ್ಟೋ

ನಿಮ್ಮ ಬಾಕ್ಸ್‌ನಲ್ಲಿ 2ನೇ ತಂತಿ ನೋಡಿ. ತೋರುಬೆರಳು 5ನೇ ಫ್ರೆಟ್‌ನಲ್ಲಿ, ಅದು ಇ. ಕಿರುಬೆರಳು 8ನೇ ಫ್ರೆಟ್‌ನಲ್ಲಿ, ಅದು ಜಿ. ನಡುವೆ ಎರಡು ಫ್ರೆಟ್ ಖಾಲಿ. 6ನೇದು ಎಫ್, 7ನೇದು ಎಫ್ ಶಾರ್ಪ್. ಏಯೋಲಿಯನ್‌ಗೂ ಡೋರಿಯನ್‌ಗೂ ಇರುವ ವ್ಯತ್ಯಾಸ ಪೂರ್ತಿ ಇಷ್ಟೇ, ಒಂದು ಫ್ರೆಟ್.

ಯಾವುದನ್ನು ಹಿಡಿಯಬೇಕು ಅನ್ನುವುದನ್ನು ಕಾರ್ಡ್ ಹೇಳುತ್ತದೆ. ಟ್ರ್ಯಾಕಿನಲ್ಲಿ ಎಫ್ ಮೇಜರ್ ಅಥವಾ ಡಿ ಮೈನರ್ ಇದ್ದರೆ 6ನೇ ಫ್ರೆಟ್. ಆ ಎರಡೂ ಕಾರ್ಡಿನ ಒಳಗೆ ಎಫ್ ಇದೆ. ಡಿ ಮೇಜರ್ ಅಥವಾ ಬಿ ಮೈನರ್ ಇದ್ದರೆ 7ನೇ ಫ್ರೆಟ್, ಯಾಕೆಂದರೆ ಆ ಕಾರ್ಡುಗಳಲ್ಲಿ ಎಫ್ ಶಾರ್ಪ್ ಇದೆ. ಟ್ರ್ಯಾಕ್ ಬರೀ ಎ ಮೈನರ್ ಮತ್ತು ಜಿ ನಡುವೆ ಓಡಾಡುತ್ತಿದ್ದರೆ? ಎ ಮೈನರ್ ಅಂದರೆ ಎ, ಸಿ, ಇ. ಜಿ ಅಂದರೆ ಜಿ, ಬಿ, ಡಿ. ಎರಡರಲ್ಲೂ ಎಫ್ ಇಲ್ಲ, ಎಫ್ ಶಾರ್ಪೂ ಇಲ್ಲ. ಆಗ ಆಯ್ಕೆ ನಿಮ್ಮದು. ಒಂದು ಸುತ್ತು ಎಫ್ ಹಿಡಿದು ನುಡಿಸಿ, ಇನ್ನೊಂದು ಸುತ್ತು ಎಫ್ ಶಾರ್ಪ್ ಹಿಡಿದು ನುಡಿಸಿ. ಅದೇ ಟ್ರ್ಯಾಕ್ ಎರಡು ಬೇರೆ ಹಾಡಿನ ಹಾಗೆ ಕೇಳಿಸುತ್ತದೆ. ಮೋಡ್ ಅಂದರೆ ಏನು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಎಫ್ ಯಾವಾಗಲೂ ಇ ಕಡೆಗೆ ಇಳಿಯಲು ನೋಡುತ್ತದೆ. ಅದರಲ್ಲಿ ದುಃಖದ ಛಾಯೆ ಇದೆ. ಎ ಮೈನರ್ ಕಾರ್ಡ್ ನಡೆಯುತ್ತಿರುವಾಗ ಎಫ್ ಮೇಲೆ ಜಾಸ್ತಿ ಹೊತ್ತು ನಿಲ್ಲಬೇಡಿ, ಕಾರ್ಡಿನ ಇ ಜೊತೆ ಉಜ್ಜುತ್ತದೆ. ಮುಟ್ಟಿ, 5ನೇ ಫ್ರೆಟ್‌ಗೆ ಇಳಿಸಿ. ಎಫ್ ಶಾರ್ಪ್‌ಗೆ ಆ ಭಯವಿಲ್ಲ, ಅದರ ಮೇಲೆ ಆರಾಮಾಗಿ ನಿಲ್ಲಬಹುದು. ಮೈನರ್ ಆಗಿದ್ದೂ ಮುಖ ಬಾಡದ ಬಣ್ಣ ಅದು. ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಅವರ ಸೋಲೊಗಳನ್ನು ಕೇಳಿ, ಡೋರಿಯನ್‌ನ ಈ ಆರನೇ ಸ್ವರ ಮತ್ತೆ ಮತ್ತೆ ಬರುತ್ತದೆ.

ಹೆಜ್ಜೆ 5: ಕಾರ್ಡ್ ಬದಲಾಗುವ ಬಾರ್‌ನಲ್ಲಿ ಎಲ್ಲಿ ಇಳಿಯಬೇಕು

ಸರಿಯಾದ ಸ್ಕೇಲ್ ಹಿಡಿದರೂ ಸೋಲೊ ಟ್ರ್ಯಾಕಿನ ಮೇಲೆ ತೇಲಿದ ಹಾಗೆ ಇರಬಹುದು. ಕಾರ್ಡ್ ಬದಲಾಗಿದ್ದು ನಿಮ್ಮ ಸ್ವರದಲ್ಲಿ ಕೇಳಿಸದಿದ್ದರೆ ಹಾಗಾಗುತ್ತದೆ.

ಎ ಮೈನರ್7 ಒಂದು ಬಾರ್ (ನಾಲ್ಕು ಏಟಿನ ಒಂದು ಅಳತೆ), ಡಿ7 ಒಂದು ಬಾರ್, ಹೀಗೆ ಸುತ್ತುವ ಡೋರಿಯನ್ ಟ್ರ್ಯಾಕ್ ತೆಗೆದುಕೊಳ್ಳಿ. ಎ ಮೈನರ್7 ಅಂದರೆ ಎ, ಸಿ, ಇ, ಜಿ. ಡಿ7 ಅಂದರೆ ಡಿ, ಎಫ್ ಶಾರ್ಪ್, ಎ, ಸಿ. ಎರಡರಲ್ಲೂ ಎ ಇದೆ, ಸಿ ಇದೆ. ಕಾರ್ಡ್ ಬದಲಾಯಿತು ಅಂತ ಕಿವಿಗೆ ಜೋರಾಗಿ ಹೇಳುವುದು ಒಂದೇ ಚಲನೆ: ಜಿ ಇಳಿದು ಎಫ್ ಶಾರ್ಪ್ ಆಗುವುದು. 2ನೇ ತಂತಿಯಲ್ಲಿ 8ನೇ ಫ್ರೆಟ್‌ನಿಂದ 7ನೇ ಫ್ರೆಟ್‌ಗೆ.

ಈಗ ಇದನ್ನು ಮಾಡಿ. ಬಾರ್‌ಗೆ ಒಂದೇ ಸ್ವರ. ಎ ಮೈನರ್ ಬಂದಾಗ ಮೊದಲ ಏಟಿಗೆ ಜಿ, ಡಿ7 ಬಂದಾಗ ಮೊದಲ ಏಟಿಗೆ ಎಫ್ ಶಾರ್ಪ್. ನಡುವೆ ಏನೂ ಬೇಡ. ಎರಡು ನಿಮಿಷ ಇಷ್ಟನ್ನೇ ನುಡಿಸಿ. ಬರೀ ಎರಡು ಸ್ವರ ಹಿಡಿದಿದ್ದರೂ ಟ್ರ್ಯಾಕ್ ನಿಮ್ಮ ಜೊತೆ ನಡೆಯುತ್ತಿದೆ ಅನ್ನಿಸುತ್ತದೆ. ಆಮೇಲೆ ಆ ಸ್ವರಕ್ಕೆ ಬರುವ ದಾರಿ ಕಟ್ಟಿ. ಹಿಂದಿನ ಬಾರ್‌ನ ಮೂರನೇ ಏಟಿನಿಂದ ಪೆಂಟಾಟೋನಿಕ್‌ನ ಮೂರು ನಾಲ್ಕು ಸ್ವರ ನುಡಿಸುತ್ತಾ ಬಂದು, ಸರಿಯಾಗಿ ಮೊದಲ ಏಟಿಗೆ ಎಫ್ ಶಾರ್ಪ್ ಮೇಲೆ ಇಳಿಯಿರಿ. ಬಾರ್‌ನ ಒಳಗೆ ಏನೇ ನುಡಿಸಿ, ಇಳಿಯುವ ಜಾಗ ಮಾತ್ರ ಗಟ್ಟಿ ಇರಲಿ.

ಯಾವ ಟ್ರ್ಯಾಕಿಗಾದರೂ ಇದೇ ಲೆಕ್ಕ. ಪ್ರತಿ ಕಾರ್ಡಿನ ಮೂರನೇ ಸ್ವರ (ಕಾರ್ಡಿನ ಹೆಸರಿನ ಸ್ವರದಿಂದ ಸ್ಕೇಲಿನಲ್ಲಿ ಎಣಿಸಿದರೆ ಮೂರನೆಯದು) ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಎ ಮೈನರ್‌ಗೆ ಸಿ. ಎಫ್‌ಗೆ ಎ. ಜಿ ಗೆ ಬಿ. ಡಿ ಮೈನರ್‌ಗೆ ಎಫ್. ನಾಲ್ಕು ಕಾರ್ಡಿನ ಟ್ರ್ಯಾಕ್ ಆದರೆ ನಾಲ್ಕು ಸ್ವರ ನೆನಪಿಟ್ಟರೆ ಸಾಕು.

ಮೈನರ್ ಟ್ರ್ಯಾಕಿನಲ್ಲಿ ಇ7 ಬಂದರೆ ವಿಶೇಷ ಗಮನ ಬೇಕು. ಇ7ನ ಮೂರನೇ ಸ್ವರ ಜಿ ಶಾರ್ಪ್. ನಿಮ್ಮ ಬಾಕ್ಸ್‌ನಲ್ಲಿರುವುದು ಜಿ. ಆ ಕಾರ್ಡ್ ಇರುವಷ್ಟು ಹೊತ್ತು ಜಿ ಬಿಟ್ಟು ಜಿ ಶಾರ್ಪ್ ಹಿಡಿಯಿರಿ. 1ನೇ ತಂತಿಯ 4ನೇ ಫ್ರೆಟ್‌ನಲ್ಲಿದೆ, ಅಲ್ಲಿಂದ 5ನೇ ಫ್ರೆಟ್‌ನ ಎ ಗೆ ಹತ್ತಿದರೆ ಕಾರ್ಡ್ ಎ ಮೈನರ್‌ಗೆ ಮರಳುವುದು ಸೊಗಸಾಗಿ ಕೇಳಿಸುತ್ತದೆ. ಎ, ಬಿ, ಸಿ, ಡಿ, ಇ, ಎಫ್, ಜಿ ಶಾರ್ಪ್ ಸೇರಿದರೆ ಹಾರ್ಮೋನಿಕ್ ಮೈನರ್, ನಮ್ಮ ಕೀರವಾಣಿಯ ಸ್ವರಗಳು. ಇ7 ಮುಗಿದ ತಕ್ಷಣ ಜಿ ಗೆ ವಾಪಸ್ ಬರುವುದನ್ನು ಮರೆಯಬೇಡಿ.

ಹೆಜ್ಜೆ 6: 12 ಬಾರ್ ಬ್ಲೂಸ್, ಸಿ ಮತ್ತು ಸಿ ಶಾರ್ಪ್ ನಡುವಿನ ಆಟ

ಮೋಡ್ ಅಭ್ಯಾಸಕ್ಕೆ ಬ್ಲೂಸ್ ಯಾಕೆ ಅಂತ ಕೇಳಬಹುದು. ಒಂದೇ ಸ್ಕೇಲ್ ಹಿಡಿದು ಕೂತರೆ ಸಾಲದು ಅನ್ನುವುದನ್ನು ಬ್ಲೂಸಿನಷ್ಟು ಸ್ಪಷ್ಟವಾಗಿ ಯಾವುದೂ ಕಲಿಸುವುದಿಲ್ಲ.

ಎ ನಲ್ಲಿ 12 ಬಾರ್ ಹೀಗಿರುತ್ತದೆ. ಮೊದಲ ನಾಲ್ಕು ಬಾರ್ ಎ7. ಐದು, ಆರು ಡಿ7. ಏಳು, ಎಂಟು ಮತ್ತೆ ಎ7. ಒಂಬತ್ತು ಇ7, ಹತ್ತು ಡಿ7, ಹನ್ನೊಂದು ಎ7, ಹನ್ನೆರಡರಲ್ಲಿ ಇ7 ಬಂದು ಮುಂದಿನ ಸುತ್ತಿಗೆ ಎಳೆಯುತ್ತದೆ. ಕೆಲವು ಟ್ರ್ಯಾಕ್‌ಗಳಲ್ಲಿ ಎರಡನೇ ಬಾರ್‌ನಲ್ಲೇ ಒಮ್ಮೆ ಡಿ7 ಇಣುಕುತ್ತದೆ, ಮೊದಲು ಕೇಳಿ ಗುರುತು ಮಾಡಿಕೊಳ್ಳಿ.

ಎ7 ಒಳಗೆ ಸಿ ಶಾರ್ಪ್ ಇದೆ. ಮೈನರ್ ಪೆಂಟಾಟೋನಿಕ್‌ನಲ್ಲಿ ಸಿ ಇದೆ. ಲೆಕ್ಕಕ್ಕೆ ಇವೆರಡು ಜಗಳ ಆಡಬೇಕು. ಆದರೆ ಬ್ಲೂಸಿನ ರುಚಿ ಇರುವುದೇ ಆ ಜಗಳದಲ್ಲಿ. ಸಿ ಹಿಡಿದು ಸ್ವಲ್ಪ ಮೇಲಕ್ಕೆ ತಳ್ಳಿ, ಸಿ ಶಾರ್ಪ್ ಮುಟ್ಟುವ ಮೊದಲೇ ನಿಲ್ಲಿಸಿ. 1ನೇ ತಂತಿಯ 8ನೇ ಫ್ರೆಟ್‌ನಲ್ಲಿ ಮಾಡಿ ನೋಡಿ, ಬ್ಲೂಸ್ ಅಂದರೆ ಏನು ಅಂತ ಒಂದೇ ಸ್ವರದಲ್ಲಿ ತಿಳಿಯುತ್ತದೆ. ಇಲ್ಲವೇ 3ನೇ ತಂತಿಯಲ್ಲಿ 5ನೇ ಫ್ರೆಟ್ ನುಡಿಸಿ, ಪಿಕ್ ಹಾಕದೆ ನಡುಬೆರಳನ್ನು 6ನೇ ಫ್ರೆಟ್ ಮೇಲೆ ಬಡಿಯಿರಿ. ಸಿ ಇಂದ ಸಿ ಶಾರ್ಪ್. ಬ್ಲೂಸ್ ನುಡಿಸುವವರೆಲ್ಲರ ಕೈಯಲ್ಲೂ ಈ ಒಂದು ಚಲನೆ ಇರುತ್ತದೆ.

ಐದನೇ ಬಾರ್ ಬಂತು, ಡಿ7. ಈಗ ಸಿ ಶಾರ್ಪ್ ಬಿಡಬೇಕು. ಡಿ7 ಒಳಗೆ ಸಿ ಇದೆ. ಎ7 ಮೇಲೆ ಸಿಹಿಯಾಗಿದ್ದ ಸಿ ಶಾರ್ಪ್ ಇಲ್ಲಿ ಅಪಸ್ವರ ಆಗುತ್ತದೆ. ಹಾಗಾಗಿ ನಾಲ್ಕನೇ ಬಾರ್‌ನಲ್ಲಿ ಸಿ ಶಾರ್ಪ್ ಮುಟ್ಟಿಸಿ, ಐದನೇ ಬಾರ್‌ನ ಮೊದಲ ಏಟಿಗೆ ಸಿ ಗೆ ಇಳಿಯಿರಿ. ಮೋಡ್ ಹೆಸರಿನಲ್ಲಿ ಹೇಳುವುದಾದರೆ ಎ7 ಮೇಲೆ ಎ ಮಿಕ್ಸೊಲಿಡಿಯನ್, ಡಿ7 ಮೇಲೆ ಡಿ ಮಿಕ್ಸೊಲಿಡಿಯನ್. ಡಿ ಮಿಕ್ಸೊಲಿಡಿಯನ್‌ನ ಸ್ವರಗಳೂ ಎ ಡೋರಿಯನ್‌ನ ಸ್ವರಗಳೂ ಒಂದೇ. ಅಂದರೆ ಕೈ ಎಲ್ಲೂ ಹೋಗಬೇಕಿಲ್ಲ, ಇದ್ದ ಜಾಗದಲ್ಲೇ ಒಂದು ಸ್ವರ ಬದಲಾಯಿತು ಅಷ್ಟೇ.

ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಹೆಸರಿನಲ್ಲೇ ಕರೆಯುವ ಒಂದು ಚಿಕ್ಕ ಬಾಕ್ಸ್ ಇದೆ. ಇದೇ ಆಟ ಅಲ್ಲಿ ಇನ್ನೂ ಸಲೀಸು. 2ನೇ ತಂತಿಯ 10ನೇ ಫ್ರೆಟ್‌ನಲ್ಲಿ ಎ ಹಿಡಿಯಿರಿ. ಅದೇ ತಂತಿಯ 12ನೇ ಫ್ರೆಟ್ ಬಿ. 1ನೇ ತಂತಿಯಲ್ಲಿ 10 ಮತ್ತು 12 ಡಿ, ಇ. 3ನೇ ತಂತಿಯ 11ನೇದು ಎಫ್ ಶಾರ್ಪ್. 12ನೇ ಫ್ರೆಟ್‌ನ ಬಿ ಯನ್ನು ಅರ್ಧ ಬೆಂಡ್ ಮಾಡಿದರೆ (ತಂತಿ ಎಳೆದು ಒಂದು ಫ್ರೆಟ್‌ನಷ್ಟು ಏರಿಸಿದರೆ) ಸಿ, ಪೂರ್ತಿ ಬೆಂಡ್ ಮಾಡಿದರೆ (ಎರಡು ಫ್ರೆಟ್‌ನಷ್ಟು) ಸಿ ಶಾರ್ಪ್. ಎ7 ಬಂದಾಗ ಪೂರ್ತಿ, ಡಿ7 ಬಂದಾಗ ಅರ್ಧ. ಒಂದೇ ಬೆರಳು, ಒಂದೇ ಫ್ರೆಟ್, ಎಷ್ಟು ಎಳೆಯುತ್ತೀರಿ ಅನ್ನುವುದರಲ್ಲೇ ಕಾರ್ಡ್ ಹೇಳಿದ ಹಾಗಾಗುತ್ತದೆ. ಒಂಬತ್ತನೇ ಬಾರ್‌ನ ಇ7ಗೆ 2ನೇ ತಂತಿಯ 9ನೇ ಫ್ರೆಟ್‌ನಲ್ಲಿ ಜಿ ಶಾರ್ಪ್ ಪಕ್ಕದಲ್ಲೇ ಇದೆ.

ಬೆಂಡ್ ಶ್ರುತಿ ಸೇರಲೇಬೇಕು. ಎಳೆಯುವ ಮೊದಲು ಗುರಿಯ ಸ್ವರವನ್ನು ಅದರ ಫ್ರೆಟ್‌ನಲ್ಲೇ ನುಡಿಸಿ ಕೇಳಿಸಿಕೊಳ್ಳಿ, ಆಮೇಲೆ ಎಳೆಯಿರಿ. ನಮ್ಮ ಗಮಕದಲ್ಲೂ ಅದೇ ನಿಯಮ ಅಲ್ವಾ? ವೀಣೆ ಕಲಿತಿದ್ದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಶಕ್ತಿ ತಂಡಕ್ಕಾಗಿ ವಿಶೇಷ ಗಿಟಾರ್ ಮಾಡಿಸಿದ್ದರು. ಅದರಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ತಗ್ಗಾಗಿ ಕೆತ್ತಲಾಗಿತ್ತು. ತಂತಿ ಎಳೆದು ಗಮಕ ತರಲು ಆ ತಗ್ಗು ನೆರವಾಗುತ್ತದೆ.

ಹೆಸರುಗಳ ಬಗ್ಗೆ, ಮೇಳಗಳ ಬಗ್ಗೆ

ಎ ಡೋರಿಯನ್ ಅಂದರೆ ಜಿ ಮೇಜರ್ ಸ್ಕೇಲನ್ನು ಎ ಇಂದ ಶುರು ಮಾಡುವುದು ಅಂತ ಹೇಳಿಕೊಡುತ್ತಾರೆ. ಲೆಕ್ಕ ಸರಿ. ನುಡಿಸುವಾಗ ಮಾತ್ರ ಇದು ದಾರಿ ತಪ್ಪಿಸುತ್ತದೆ. ತಲೆಯಲ್ಲಿ ಜಿ ಮೇಜರ್ ಇದ್ದರೆ ಬೆರಳು ಜಿ ಮೇಲೆ ಹೋಗಿ ನಿಲ್ಲುತ್ತದೆ. ಟ್ರ್ಯಾಕ್ ಎ ಅನ್ನುತ್ತಿರುತ್ತದೆ. ಸೋಲೊ ಎಲ್ಲೂ ಕೂರುವುದಿಲ್ಲ. ಅದಕ್ಕೇ ಎಲ್ಲ ಮೋಡ್‌ಗಳನ್ನೂ ಒಂದೇ ‘ಸ’ ಇಟ್ಟುಕೊಂಡು ಹೋಲಿಸಿ ಕಲಿಯುವುದು ಮೇಲು.

ಕರ್ನಾಟಕ ಸಂಗೀತದ 72 ಮೇಳಕರ್ತಗಳ ವ್ಯವಸ್ಥೆ ಇದೇ ರೀತಿಯದು. ‘ಸ’ ಕದಲುವುದಿಲ್ಲ, ಉಳಿದ ಸ್ವರ ಬದಲಾಗುತ್ತವೆ. ಅಯೋನಿಯನ್‌ಗೆ 29ನೇ ಮೇಳ ಧೀರಶಂಕರಾಭರಣ. ಡೋರಿಯನ್‌ಗೆ 22ನೇದು ಖರಹರಪ್ರಿಯ. ಫ್ರಿಜಿಯನ್‌ಗೆ 8ನೇದು ಹನುಮತೋಡಿ. ಲಿಡಿಯನ್‌ಗೆ 65ನೇದು ಮೇಚಕಲ್ಯಾಣಿ. ಮಿಕ್ಸೊಲಿಡಿಯನ್‌ಗೆ 28ನೇದು ಹರಿಕಾಂಭೋಜಿ. ಏಯೋಲಿಯನ್‌ಗೆ 20ನೇದು ನಟಭೈರವಿ. ಏಳನೇ ಮೋಡ್ ಲೋಕ್ರಿಯನ್‌ಗೆ ಮೇಳವಿಲ್ಲ, ಯಾಕೆಂದರೆ ಅದರಲ್ಲಿ ಪಂಚಮ ಇಲ್ಲ. ಟ್ರ್ಯಾಕ್‌ಗಳಲ್ಲೂ ಅದು ಸಿಗುವುದು ಬಹಳ ಕಡಿಮೆ, ಸದ್ಯಕ್ಕೆ ಬಿಡಿ. ಹಿಂದೂಸ್ತಾನಿ ಗೊತ್ತಿರುವವರು ಇವನ್ನೇ ಬಿಲಾವಲ್, ಕಾಫಿ, ಭೈರವಿ, ಕಲ್ಯಾಣ್, ಖಮಾಜ್, ಅಸಾವರಿ ಥಾಟ್‌ಗಳಾಗಿ ಗುರುತಿಸಬಹುದು.

ಸ್ವರ ಒಂದೇ ಆದ ಮಾತ್ರಕ್ಕೆ ಡೋರಿಯನ್ ನುಡಿಸಿದರೆ ಖರಹರಪ್ರಿಯ ಆಗುವುದಿಲ್ಲ. ರಾಗಕ್ಕೆ ಅದರದ್ದೇ ಗಮಕ, ಸಂಚಾರ, ನಿಲ್ಲುವ ಜಾಗ ಇವೆ. ಆದರೆ ಆ ರಾಗಗಳನ್ನು ಕೇಳಿ ಬೆಳೆದ ಕಿವಿಗೆ ಈ ಆರು ಬಣ್ಣಗಳ ಪರಿಚಯ ಆಗಲೇ ಇದೆ. ಅದನ್ನು ಉಪಯೋಗಿಸಿಕೊಳ್ಳಿ.

ಹೆಜ್ಜೆ 7: ಉಸಿರು ಬಿಡಿ

ಸ್ವರ ಗೊತ್ತಾದ ಮೇಲೆ ಎಲ್ಲರೂ ಜಾಸ್ತಿ ನುಡಿಸುತ್ತಾರೆ. ಹಾಡುವವರಿಗೆ ಉಸಿರು ತೆಗೆದುಕೊಳ್ಳಲೇಬೇಕು, ಗಿಟಾರಿಗೆ ಆ ಅಗತ್ಯವಿಲ್ಲ. ಹಾಗಾಗಿ ನಾವೇ ನಿಲ್ಲಿಸಬೇಕು. ಎರಡು ಬಾರ್ ನುಡಿಸಿ, ಎರಡು ಬಾರ್ ಬಿಡಿ. ಬಿಟ್ಟ ಬಾರ್‌ಗಳಲ್ಲಿ ಟ್ರ್ಯಾಕ್ ಏನು ಹೇಳುತ್ತಿದೆ ಕೇಳಿ, ಮುಂದಿನ ಸಾಲು ಅಲ್ಲಿಂದ ಹುಟ್ಟುತ್ತದೆ. ನುಡಿಸುವುದನ್ನು ಬಾಯಲ್ಲೂ ಹಾಡುತ್ತಾ ಹೋದರೆ ಇನ್ನೂ ಒಳ್ಳೆಯದು, ಉಸಿರು ಮುಗಿದ ಕಡೆ ಕೈಯೂ ನಿಲ್ಲುತ್ತದೆ. ಮೂರು ನಾಲ್ಕು ಸ್ವರದ ಒಂದು ಚಿಕ್ಕ ಸಾಲು ಸಿಕ್ಕಿದರೆ ಬಿಡಬೇಡಿ. ಅದೇ ಲಯದಲ್ಲಿ ಮುಂದಿನ ಕಾರ್ಡಿಗೆ ತಕ್ಕ ಸ್ವರ ಬದಲಿಸಿ ಮತ್ತೆ ನುಡಿಸಿ. ಕೇಳುವವರು ಅದರ ಹಿಂದೆ ಬರುತ್ತಾರೆ.

ಹೆಜ್ಜೆ 8: ಟ್ರ್ಯಾಕ್ ಆರಿಸುವುದು, ಅಭ್ಯಾಸ

ನಿಧಾನದ ಟ್ರ್ಯಾಕ್ ಹುಡುಕಿ, ನಿಮಿಷಕ್ಕೆ 70ರಿಂದ 80 ಏಟು. ಶುರುವಿಗೆ ಎರಡೇ ಕಾರ್ಡ್ ಇರಲಿ. ಟ್ರ್ಯಾಕಿನ ದನಿ ಗಿಟಾರಿಗಿಂತ ತೀರಾ ಕಮ್ಮಿ ಮಾಡಬೇಡಿ, ಬೇಸ್ ಕೇಳಿಸದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಹೆಚ್ಚಾಗಿ ಕೇಳಿಸುವುದೇ ಇಲ್ಲ. ಹೆಡ್‌ಫೋನೋ ಚಿಕ್ಕ ಬ್ಲೂಟೂತ್ ಸ್ಪೀಕರೋ ಬಳಸಿ.

ಇನ್ನೂ ಒಳ್ಳೆಯದು ಟ್ರ್ಯಾಕನ್ನು ನೀವೇ ಮಾಡುವುದು. ಲೂಪರ್ ಪೆಡಲ್ (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಸಾಧನ) ಇದ್ದರೆ ಸರಿ, ಇಲ್ಲದಿದ್ದರೆ ಫೋನಿನಲ್ಲಿ ಐದು ನಿಮಿಷ ಕಾರ್ಡ್ ನುಡಿಸಿ ರೆಕಾರ್ಡ್ ಮಾಡಿ. ಎ ಮೈನರ್, ಎಫ್, ಜಿ ಸುತ್ತಿದರೆ ಏಯೋಲಿಯನ್. ಎ ಮೈನರ್, ಡಿ ಮೇಜರ್ ಸುತ್ತಿದರೆ ಡೋರಿಯನ್. ಎ ಮೈನರ್, ಬಿ ಫ್ಲಾಟ್ ಆದರೆ ಫ್ರಿಜಿಯನ್. ಎ ಮೇಜರ್, ಜಿ, ಡಿ ಆದರೆ ಮಿಕ್ಸೊಲಿಡಿಯನ್. ಎ ಮೇಜರ್, ಬಿ ಮೇಜರ್ ಆದರೆ ಲಿಡಿಯನ್. ಎ ಕಾರ್ಡಿನ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ, ಇಲ್ಲದಿದ್ದರೆ ‘ಸ’ ಬೇರೆ ಕಡೆ ಜಾರುತ್ತದೆ. ಎ, ಜಿ, ಡಿ ಸುತ್ತಿನಲ್ಲಿ ಡಿ ಮೇಲೆ ಹೆಚ್ಚು ನಿಂತರೆ ಅದು ಡಿ ಮೇಜರ್ ಆಗಿಬಿಡುತ್ತದೆ.

ಅರ್ಧ ಗಂಟೆ ಸಮಯ ಇದ್ದರೆ ಮೊದಲ ಹತ್ತು ನಿಮಿಷ ಒಂದೇ ತಂತಿಯ ಪರೀಕ್ಷೆ ಮತ್ತು ಬಾರ್‌ಗೆ ಒಂದು ಸ್ವರದ ಅಭ್ಯಾಸ. ಉಳಿದ ಹೊತ್ತು ನುಡಿಸಿ, ಕೊನೆಯ ಐದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ. ಮಾರನೇ ದಿನ ಅಭ್ಯಾಸಕ್ಕೆ ಕೂರುವ ಮೊದಲು ಅದನ್ನು ಕೇಳಿ. ಒಂದು ವಾರ ಒಂದೇ ಟ್ರ್ಯಾಕ್ ಇಟ್ಟುಕೊಳ್ಳಿ. ದಿನಕ್ಕೊಂದು ಹೊಸ ಟ್ರ್ಯಾಕ್ ಹಾಕಿದರೆ ಕಾರ್ಡ್ ಎಲ್ಲಿ ಬದಲಾಗುತ್ತದೆ ಅನ್ನುವುದೇ ಕಿವಿಗೆ ಕೂರುವುದಿಲ್ಲ. ಬೇರೆ ಬಾಕ್ಸ್‌ಗಳಿಗೆ ಅವಸರವೂ ಬೇಡ. ಒಂದರಲ್ಲಿ ಕಾರ್ಡಿನ ಸ್ವರ ಹಿಡಿಯಲು ಬಂದ ಮೇಲೆ ಪಕ್ಕದ್ದಕ್ಕೆ ಒಂದೇ ತಂತಿಯಲ್ಲಿ ಜಾರಿಕೊಂಡು ಹೋಗಿ.

ಇದೆಲ್ಲ ಕೈಗೆ ಹತ್ತಿದ ಮೇಲೆ ‘ಸ’ವೇ ಬದಲಾಗುವ ಟ್ರ್ಯಾಕ್ ಹಾಕಿ. ಮೋಡಲ್ ಜಾಝ್‌ನಲ್ಲಿ 32 ಬಾರ್‌ನ ಒಂದು ರೂಪ ಪ್ರಸಿದ್ಧ: 16 ಬಾರ್ ಡಿ ಡೋರಿಯನ್, 8 ಬಾರ್ ಇ ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ ಡೋರಿಯನ್. ಬಾಕ್ಸ್ ಪೂರ್ತಿ ಒಂದು ಫ್ರೆಟ್ ಮೇಲಕ್ಕೆ ಹೋಗಿ ವಾಪಸ್ ಬರುತ್ತದೆ. ಹೇಳಲು ಸುಲಭ, ಆದರೆ 16 ಬಾರ್ ನುಡಿಸುತ್ತಾ ಎಣಿಕೆ ತಪ್ಪುವುದು ಸಾಮಾನ್ಯ. ಹಾಗಾಗಿ ಮೊದಲು ನಾಲ್ಕು ನಾಲ್ಕು ಬಾರ್‌ಗೆ ಒಂದು ಸಾಲು ಮುಗಿಸುವ ಅಭ್ಯಾಸ ಮಾಡಿ, ಅಂಥ ನಾಲ್ಕು ಸಾಲಿಗೆ 16 ಆಗುತ್ತದೆ. ಹದಿನೇಳನೇ ಬಾರ್‌ನ ಮೊದಲ ಏಟಿಗೆ ಹೊಸ ಮೋಡ್‌ನ ಮೂರನೇ ಸ್ವರ ಜಿ ಫ್ಲಾಟ್ ಹಿಡಿಯಿರಿ, ಇ ಫ್ಲಾಟ್ ಹಿಡಿಯುವುದಕ್ಕಿಂತ ಅದರಲ್ಲಿ ಬದಲಾವಣೆ ಚೆನ್ನಾಗಿ ಕೇಳಿಸುತ್ತದೆ. ಇಪ್ಪತ್ತೈದನೇ ಬಾರ್‌ಗೆ ಎಫ್ ಮೇಲೆ ಇಳಿದರೆ ಮತ್ತೆ ಡಿ ಡೋರಿಯನ್.